ಹಿಮ್ಮಡಿ ನೋವು: ಎಕ್ಸ್‌ರೇಯಲ್ಲಿ ಕಂಡ ಮುಳ್ಳನ್ನು ತೆಗೆಸಬೇಕೆ?

ಪ್ರಶ್ನೆ: ನನಗೆ 47 ವರ್ಷ. ಶಿಕ್ಷಕಿಯಾಗಿರುವುದರಿಂದ ದಿನದ ಬಹುಪಾಲು ನಿಂತೇ ಇರುತ್ತೇನೆ. 5 ತಿಂಗಳಿಂದ ಬಲಗಾಲಿನ ಹಿಮ್ಮಡಿಯಲ್ಲಿ ನೋವಿದೆ. ಬೆಳಿಗ್ಗೆ ಎದ್ದು ಕಾಲೂರಿದ ಕೂಡಲೇ ಮೊಳೆ ಚುಚ್ಚಿದಂತಾಗುತ್ತದೆ. ಗೋಡೆ ಹಿಡಿದು ಹತ್ತು ಹದಿನೈದು ಹೆಜ್ಜೆ ನಡೆದರೆ ತಗ್ಗುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ಕಾಡುತ್ತದೆ. ಎಕ್ಸ್‌ರೇ ನೋಡಿ ಹಿಮ್ಮಡಿಯ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದರು. ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ 5 ವಾರ ಹಾಯಾಗಿತ್ತು, ಅನಂತರ ನೋವು ಹಾಗೆಯೇ ಮರಳಿತು. ಈಗ ಇನ್ನೊಂದು ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆ ಎನ್ನುತ್ತಿದ್ದಾರೆ. ಯೂರಿಕ್ ಆಸಿಡ್ ಹೆಚ್ಚಾಗಿರಬೇಕು, ಕ್ಯಾಲ್ಸಿಯಂ ಕಡಿಮೆಯಾಗಿರಬೇಕು ಎಂದು ಪರಿಚಯದವರು ಹೇಳುತ್ತಾರೆ. ಹೆದರಿಕೆಯಿಂದ ನಡಿಗೆಯನ್ನು ನಿಲ್ಲಿಸಿದ್ದೇನೆ, ತೂಕವೂ ಏರಿದೆ. ಆ ಮುಳ್ಳನ್ನು ತೆಗೆಸಲೇಬೇಕೆ? ಮತ್ತೆ ಮೊದಲಿನಂತೆ ನಡೆಯಬಲ್ಲೆನೆ?

ಉತ್ತರ: ನಿಮ್ಮ ಪತ್ರದಲ್ಲಿ ನೋವಿಗಿಂತಲೂ ಹೆಚ್ಚಾಗಿ ಆ ಮುಳ್ಳಿನ ಭಯವೇ ಕಾಣುತ್ತಿದೆ. ಹೆಜ್ಜೆ ಹೆಜ್ಜೆಗೂ ಮೂಳೆಯ ಮೊನೆಯೊಂದು ಮಾಂಸಕ್ಕೆ ನಾಟುತ್ತಿದೆ, ಅದನ್ನು ತೆಗೆಯುವ ತನಕ ನಡೆದಷ್ಟೂ ಕೇಡು ಎಂಬ ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟರೆ ಯಾರೇ ಆಗಲಿ ನಡಿಗೆಯನ್ನು ನಿಲ್ಲಿಸುತ್ತಾರೆ. ಆದ್ದರಿಂದ ಮೊದಲು ಆ ಚಿತ್ರವನ್ನು ಸರಿಪಡಿಸುತ್ತೇನೆ. ನೀವು ವಿವರಿಸಿದ ಲಕ್ಷಣಗಳು ಪ್ಲಾಂಟರ್ ಫೇಶಿಯೈಟಿಸ್ ಎಂಬ ತೊಂದರೆಗೆ ಬಹಳ ಮಟ್ಟಿಗೆ ಹೊಂದುತ್ತವೆ, ಮತ್ತು ಈ ತೊಂದರೆಯಲ್ಲಿ ಮುಳ್ಳನ್ನು ತೆಗೆಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಕಾಲನ್ನು ಮುಟ್ಟಿ ನೋಡದೆ ರೋಗವನ್ನು ಖಚಿತಪಡಿಸಲು ನನಗೆ ಸಾಧ್ಯವಿಲ್ಲ. ಆದರೆ ಎಲ್ಲಿ ನೋವು, ಯಾವಾಗ ನೋವು ಎಂಬ ಎರಡು ಪ್ರಶ್ನೆಗಳ ಉತ್ತರದಿಂದಲೇ ಈ ರೋಗದ ಬಹುಪಾಲು ತೀರ್ಮಾನ ಆಗುತ್ತದೆ, ಎಕ್ಸ್‌ರೇಯಿಂದಲ್ಲ.

ಹಿಮ್ಮಡಿ ಮೂಳೆಯ ತಳಭಾಗದಿಂದ ಹೊರಟು ಅಂಗಾಲಿನುದ್ದಕ್ಕೂ ಹಾದು ಐದೂ ಬೆರಳುಗಳ ಬುಡದವರೆಗೆ ಹರಡಿಕೊಳ್ಳುವ ದಪ್ಪನೆಯ, ಬಿಳಿಯ ನಾರುಪಟ್ಟಿಗೆ ಪ್ಲಾಂಟರ್ ಫೇಶಿಯಾ ಎಂದು ಹೆಸರು. ಬಿಲ್ಲಿಗೆ ಹೆದೆ ಹೇಗೋ ಪಾದದ ಕಮಾನಿಗೆ ಈ ಪಟ್ಟಿ ಹಾಗೆ. ನಿಂತಾಗ ಕಮಾನು ಕುಸಿಯದಂತೆ ಅದು ಎರಡೂ ತುದಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನಡೆಯುವಾಗ ಅದರ ಕೆಲಸ ಇನ್ನೂ ಹೆಚ್ಚು. ಹಿಮ್ಮಡಿ ನೆಲ ಬಿಟ್ಟು ಬೆರಳುಗಳು ಮೇಲ್ಮುಖವಾಗಿ ಬಾಗಿದಾಗ, ರಾಟೆಗೆ ಹಗ್ಗ ಸುತ್ತಿಕೊಂಡ ಹಾಗೆ ಈ ಪಟ್ಟಿ ಬೆರಳ ಬುಡದ ದುಂಡನೆಯ ಮೂಳೆಗೆ ಸುತ್ತಿ ಬಿಗಿಯಾಗುತ್ತದೆ, ಕಮಾನು ಮೇಲೇಳುತ್ತದೆ, ಅಷ್ಟು ಹೊತ್ತು ಮೆತ್ತಗಿದ್ದ ಪಾದ ಗಟ್ಟಿಯಾದ ಸನ್ನೆಕೋಲಿನಂತಾಗಿ ದೇಹವನ್ನು ಮುಂದಕ್ಕೆ ದೂಡುತ್ತದೆ. ಈ ಕ್ರಿಯೆಯನ್ನು 1954ರಲ್ಲಿ ಜೆ. ಎಚ್. ಹಿಕ್ಸ್ ಎಂಬುವರು ವಿವರಿಸಿದರು. ನಾನು ಮುಂದೆ ಹೇಳುವ ವ್ಯಾಯಾಮಗಳೂ ಇದೇ ರಾಟೆಯ ತತ್ವದ ಮೇಲೆ ನಿಂತಿವೆ. ಬರಿಗಾಲಿನಲ್ಲಿ ನಿಂತು ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿ ನೋಡಿ: ಪಾದದ ಒಳಬದಿಯ ಕಮಾನು ತಾನಾಗಿಯೇ ಏರುವುದು ನಿಮಗೇ ಕಾಣುತ್ತದೆ.

ದಿನಕ್ಕೆ ಸಾವಿರಾರು ಸಲ ಹೀಗೆ ಬಿಗಿದು ಸಡಿಲವಾಗುವ ಪಟ್ಟಿಯ ಎಳೆತವೆಲ್ಲ ಕೊನೆಗೆ ಹೋಗಿ ಸೇರುವುದು ಅದು ಹಿಮ್ಮಡಿ ಮೂಳೆಗೆ ಅಂಟಿಕೊಂಡಿರುವ ಜಾಗಕ್ಕೆ, ಅಂದರೆ ಹಿಮ್ಮಡಿಯ ತಳದ ಒಳಬದಿಗೆ. ಅಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ನಿಮಗೆ ಬೆಳಗಿನದೇ ನೋವು ಮರುಕಳಿಸಿದರೆ ರೋಗನಿರ್ಣಯಕ್ಕೆ ಅದು ದೊಡ್ಡ ಆಧಾರ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಚಾಚಿಕೊಂಡಿರುತ್ತದೆ, ಪಟ್ಟಿಯೂ ಮೀನಖಂಡವೂ ಕುಗ್ಗಿದ ಸ್ಥಿತಿಯಲ್ಲೇ ಗಂಟೆಗಟ್ಟಲೆ ಇರುತ್ತವೆ. ಎದ್ದು ಇಡುವ ಮೊದಲ ಹೆಜ್ಜೆ ಅದನ್ನು ಒಮ್ಮೆಲೇ ಪೂರ್ತಿ ಎಳೆಯುತ್ತದೆ. ಮೊಳೆ ಚುಚ್ಚಿದ ಅನುಭವ ಬರುವುದು ಹೀಗೆ. ಬಹಳ ಹೊತ್ತು ಕುಳಿತು ಎದ್ದಾಗಲೂ ನೋವು ಬರುತ್ತಿದ್ದರೆ ಅದಕ್ಕೂ ಇದೇ ಕಾರಣ.

ಈ ರೋಗದ ಹೆಸರಿನಲ್ಲೇ ಉರಿಯೂತ ಎಂಬ ಅರ್ಥವಿದೆ. ದೀರ್ಘಕಾಲದ ನೋವಿನ ವಿಷಯದಲ್ಲಿ ಆ ಹೆಸರು ದಾರಿ ತಪ್ಪಿಸುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ರೋಗಿಗಳ ನಾರುಪಟ್ಟಿಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಡದ್ದು ಉರಿಯೂತವಲ್ಲ, ಸವೆದು ಶಿಥಿಲಗೊಂಡ ನಾರುಗಳು. ಹೊರೆ ಹೆಚ್ಚಾಗಿ ದುರಸ್ತಿ ಹಿಂದೆ ಬಿದ್ದಾಗ ನಾರಿನ ಎಳೆಗಳು ಕ್ರಮ ತಪ್ಪುತ್ತವೆ, ಪಟ್ಟಿ ದಪ್ಪವಾಗುತ್ತದೆ. ಅಲ್ಟ್ರಾಸೌಂಡ್‌ನಲ್ಲಿ ಅದರ ದಪ್ಪ 4 ಮಿಲಿಮೀಟರ್ ಮೀರಿದ್ದರೆ ಅಸಹಜ ಎಂದು ಪರಿಗಣಿಸುತ್ತೇವೆ. ಉರಿಯೂತವನ್ನು ಆರಿಸುವ ಔಷಧ ಕೆಲವು ವಾರ ಹಾಯೆನಿಸಿ ಆಮೇಲೆ ಕೈಕೊಡುವುದೇಕೆ ಎಂಬುದಕ್ಕೆ ಇಲ್ಲಿ ಬಹುಮಟ್ಟಿಗೆ ಉತ್ತರವಿದೆ. ನೋವು ಶಮನವಾಗುವುದು ಬೇರೆ, ಪಟ್ಟಿ ಮತ್ತೆ ಹೊರೆ ಹೊರುವಷ್ಟು ಗಟ್ಟಿಯಾಗುವುದು ಬೇರೆ. ನಿಮಗೆ ಈವರೆಗೆ ಸಿಕ್ಕಿರುವುದು ಮೊದಲನೆಯದು ಮಾತ್ರ.

ಇನ್ನು ಆ ಮುಳ್ಳಿನ ವಿಚಾರ. ಹಿಮ್ಮಡಿಯಲ್ಲಿ ಯಾವ ನೋವೂ ಇಲ್ಲದವರ ಎಕ್ಸ್‌ರೇ ತೆಗೆದರೂ ಹತ್ತರಲ್ಲಿ ಒಬ್ಬರಿಗಾದರೂ ಇಂಥ ಮುಳ್ಳು ಕಾಣುತ್ತದೆ, ವಯಸ್ಸಾದಂತೆ ಈ ಪ್ರಮಾಣ ಏರುತ್ತದೆ. ತೀವ್ರ ನೋವಿರುವ ಎಷ್ಟೋ ಮಂದಿಗೆ ಮುಳ್ಳೇ ಇರುವುದಿಲ್ಲ. ನೋವು ಪೂರ್ತಿ ವಾಸಿಯಾದವರಲ್ಲೂ ಅದು ಇದ್ದಲ್ಲೇ ಇರುತ್ತದೆ. ಅದು ಮನಸ್ಸಿನ ಚಿತ್ರದಲ್ಲಿ ಕಂಡಂತೆ ಕೆಳಕ್ಕೆ, ನೆಲದ ಕಡೆಗೆ ಚಾಚಿದ ಮೊನೆಯೂ ಅಲ್ಲ. ಬೆರಳುಗಳ ಕಡೆಗೆ ಅಡ್ಡಲಾಗಿ ಬೆಳೆದಿರುತ್ತದೆ, ಮತ್ತು ಅನೇಕ ಸಲ ಫೇಶಿಯಾದೊಳಗಲ್ಲ, ಅದರ ಮೇಲಿನ ಪದರದಲ್ಲಿರುವ ಸಣ್ಣ ಸ್ನಾಯುಗಳ ಬುಡದಲ್ಲಿರುತ್ತದೆ. ವರ್ಷಗಟ್ಟಲೆ ಒತ್ತಡ ಬಿದ್ದ ಜಾಗದಲ್ಲಿ ಮೂಳೆ ಬಿಟ್ಟುಹೋದ ಗುರುತು ಅದು. ಹಾಗಾಗಿ ಎಕ್ಸ್‌ರೇ ವರದಿಯಲ್ಲಿ ಆ ಪದವನ್ನು ಕಂಡಾಗ ರೋಗಿಗೆ ಅದನ್ನು ಹೇಗೆ ಹೇಳುತ್ತೇವೆ ಎಂಬುದರ ಬಗ್ಗೆ ವೈದ್ಯರಾದ ನಾವು ಇನ್ನಷ್ಟು ಎಚ್ಚರ ವಹಿಸಬೇಕು. 'ಮೂಳೆ ಬೆಳೆದಿದೆ' ಎಂಬ ಎರಡೇ ಶಬ್ದ ಕೇಳಿ ತಿಂಗಳುಗಟ್ಟಲೆ ಕಾಲೂರಲು ಅಂಜಿದವರನ್ನು ನಾನು ಅನೇಕ ಸಲ ಕಂಡಿದ್ದೇನೆ.

ಕ್ಯಾಲ್ಸಿಯಂ ಕೊರತೆಯಿಂದ ಈ ನೋವು ಬರುವುದಿಲ್ಲ, ಕ್ಯಾಲ್ಸಿಯಂ ಮಾತ್ರೆ ತಿಂದರೆ ಮುಳ್ಳು ಬೆಳೆಯುವುದೂ ಇಲ್ಲ. ಬೇರೆ ಕಾರಣಕ್ಕೆ ನಿಮ್ಮ ವೈದ್ಯರು ಅದನ್ನು ಬರೆದಿದ್ದರೆ ಹಿಮ್ಮಡಿಯ ಭಯಕ್ಕೆ ನಿಲ್ಲಿಸಬೇಡಿ. ಯೂರಿಕ್ ಆಸಿಡ್‌ನಿಂದ ಬರುವ ಗೌಟ್‌ನ ರೀತಿಯೇ ಬೇರೆ. ಅದು ಹೆಚ್ಚಾಗಿ ಹೆಬ್ಬೆರಳ ಬುಡದಲ್ಲಿ, ಇದ್ದಕ್ಕಿದ್ದಂತೆ, ಕೆಂಪಾಗಿ ಊದಿಕೊಂಡು, ಬಟ್ಟೆ ತಾಗಿದರೂ ಸಹಿಸಲಾಗದಷ್ಟು ನೋವಿನೊಂದಿಗೆ ಬರುತ್ತದೆ. ತಿಂಗಳುಗಳಿಂದ ಬೆಳಗಿನ ಹೆಜ್ಜೆಯಲ್ಲಿ ಚುಚ್ಚಿ ನಡೆದಂತೆ ತಗ್ಗುವ ನೋವು ಗೌಟ್‌ನದಲ್ಲ.

ಹಾಗಾದರೆ ನಿಮಗೇ ಏಕೆ, ಈಗಲೇ ಏಕೆ? ಈ ತೊಂದರೆ ಹೆಚ್ಚಾಗಿ ಕಾಣುವುದು 40ರಿಂದ 60ರ ನಡುವಿನ ವಯಸ್ಸಿನಲ್ಲಿ. ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವ ಕೆಲಸ, ಹೆಚ್ಚಿದ ತೂಕ, ತೆಳು ಅಟ್ಟೆಯ ಪಾದರಕ್ಷೆ, ಇದ್ದಕ್ಕಿದ್ದಂತೆ ಹೆಚ್ಚಿಸಿದ ನಡಿಗೆ ಅಥವಾ ಓಟ, ಇವೆಲ್ಲ ಹೊರೆಯನ್ನು ಏರಿಸುತ್ತವೆ. ಇವುಗಳೊಂದಿಗೆ ಜನ ಗಮನಿಸದೆ ಬಿಡುವ ಇನ್ನೊಂದು ಕಾರಣವಿದೆ: ಮೀನಖಂಡದ ಬಿಗಿತ. ಕಣಕಾಲು ಮೇಲ್ಮುಖವಾಗಿ ಸಾಕಷ್ಟು ಬಾಗದಿದ್ದರೆ ಆ ಕೊರತೆಯನ್ನು ಪಾದದ ಮಧ್ಯಭಾಗ ತುಂಬಿಕೊಡಬೇಕಾಗುತ್ತದೆ, ಕಮಾನು ಹೆಚ್ಚು ಚಪ್ಪಟೆಯಾಗುತ್ತದೆ, ಪಟ್ಟಿ ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ. ಗೋಡೆಯಿಂದ ಒಂದು ಗೇಣಿನ ಅರ್ಧದಷ್ಟು, ಸುಮಾರು 10 ಸೆಂಟಿಮೀಟರ್ ದೂರದಲ್ಲಿ ಬೆರಳುಗಳ ತುದಿ ಬರುವಂತೆ ಪಾದವಿಟ್ಟು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ಮುಟ್ಟಿಸಲು ಪ್ರಯತ್ನಿಸಿ. ನೋವಿರುವ ಕಾಲಿನಲ್ಲಿ ಆಗದೆ ಇನ್ನೊಂದರಲ್ಲಿ ಆದರೆ ನಿಮ್ಮ ಚಿಕಿತ್ಸೆಯ ಒಂದು ಮುಖ್ಯ ಭಾಗ ಯಾವುದೆಂದು ತಿಳಿದಂತೆಯೇ.

ಚಿಕಿತ್ಸೆಗೆ ಬರುವ ಮುನ್ನ ಹಿಮ್ಮಡಿ ನೋವೆಲ್ಲ ಇದೇ ಅಲ್ಲ ಎಂಬುದನ್ನು ಹೇಳಲೇಬೇಕು. ಹಿಮ್ಮಡಿಯನ್ನು ಎರಡೂ ಬದಿಯಿಂದ ಅಂಗೈಗಳ ನಡುವೆ ಹಿಂಡಿದಾಗ ತೀವ್ರ ನೋವಾದರೆ ಮೂಳೆಯಲ್ಲಿ ಸೂಕ್ಷ್ಮ ಬಿರುಕು ಇರಬಹುದು, ಅದರಲ್ಲೂ ಮೂಳೆ ಸವೆತ ಇರುವವರಲ್ಲಿ ಅಥವಾ ಇತ್ತೀಚೆಗೆ ಓಟ ಹೆಚ್ಚಿಸಿದವರಲ್ಲಿ. ಉರಿ, ಜೋಮು, ಅಂಗಾಲಿಗೆ ಹರಿಯುವ ವಿದ್ಯುತ್ತಿನಂಥ ಸೆಳೆತ ಇದ್ದರೆ ಕಣಕಾಲಿನ ಬಳಿಯಲ್ಲೋ ಸೊಂಟದಲ್ಲೋ ನರ ಒತ್ತಿಕೊಂಡಿರಬಹುದು. ಹಿಮ್ಮಡಿಯ ನಟ್ಟನಡುವೆ, ನಡೆದಷ್ಟೂ ಹೆಚ್ಚಾಗುವ ಜಜ್ಜಿದಂಥ ನೋವು ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾದದ್ದರಿಂದ ಬರುತ್ತದೆ. ಯುವಕರಲ್ಲಿ ಎರಡೂ ಹಿಮ್ಮಡಿಗಳಲ್ಲಿ ನೋವಿದ್ದು, ಬೆಳಿಗ್ಗೆ ಬೆನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿದಿರುತ್ತಿದ್ದರೆ ಬೆನ್ನುಮೂಳೆಯ ಕೀಲುಗಳ ಉರಿಯೂತದ ರೋಗವನ್ನು ಹುಡುಕಬೇಕಾಗುತ್ತದೆ. ವಿಶ್ರಾಂತಿಯಲ್ಲೂ ನಿದ್ದೆಗೆಡಿಸುವ ನೋವು, ಜ್ವರ, ಕೆಂಪು, ಬಾವು, ಕಾರಣವಿಲ್ಲದೆ ಇಳಿಯುವ ತೂಕ, ಪೆಟ್ಟು ಬಿದ್ದ ಮೇಲೆ ಕಾಲನ್ನೇ ಊರಲಾಗದ ಸ್ಥಿತಿ, ಇವುಗಳಲ್ಲಿ ಒಂದಿದ್ದರೂ ಮನೆಯ ವ್ಯಾಯಾಮ ನೆಚ್ಚಿಕೊಂಡು ಕೂರದೆ ವೈದ್ಯರನ್ನು ಕಾಣಿರಿ. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ.

ಈಗ ನೀವು ಮಾಡಬೇಕಾದ ಕೆಲಸ. ಬೆಳಿಗ್ಗೆ ಕಾಲನ್ನು ನೆಲಕ್ಕೆ ಇಡುವ ಮೊದಲೇ ಹಾಸಿಗೆಯ ಅಂಚಿನಲ್ಲಿ ಕುಳಿತು ಬಲಗಾಲನ್ನು ಎಡ ಮೊಣಕಾಲಿನ ಮೇಲಿಟ್ಟುಕೊಳ್ಳಿ. ಒಂದು ಕೈಯಿಂದ ಬೆರಳುಗಳನ್ನು ಬುಡದಲ್ಲಿ ಹಿಡಿದು ಕಣಕಾಲಿನ ಮುಂಬದಿಯ ಕಡೆಗೆ ಎಳೆಯಿರಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲನ್ನು ಮುಟ್ಟಿದಾಗ ಪಟ್ಟಿ ಬಿಗಿದ ತಂತಿಯಂತೆ ಸಿಗಬೇಕು. 10 ಸೆಕೆಂಡು ಹಿಡಿದು ಬಿಡಿ, ಹೀಗೆ 10 ಸಲ, ದಿನಕ್ಕೆ 3 ಬಾರಿ. ಮೀನಖಂಡವನ್ನಷ್ಟೇ ಎಳೆಯುವುದಕ್ಕಿಂತ ಹೀಗೆ ಪಟ್ಟಿಯನ್ನೇ ಎಳೆಯುವುದು ಮೊದಲ ಕೆಲವು ವಾರಗಳಲ್ಲಿ ಹೆಚ್ಚು ಫಲ ಕೊಡುತ್ತದೆ ಎಂದು ಹೋಲಿಕೆಯ ಅಧ್ಯಯನದಲ್ಲಿ ಕಂಡಿದೆ. ಹಾಗೆಂದು ಮೀನಖಂಡವನ್ನು ಬಿಡುವಂತಿಲ್ಲ. ಗೋಡೆಗೆ ಕೈಯೂರಿ, ಬಲಗಾಲನ್ನು ಹಿಂದಿಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒತ್ತಿ, ಮೊಣಕಾಲು ನೆಟ್ಟಗಿಟ್ಟು ಅರ್ಧ ನಿಮಿಷ, ಅನಂತರ ತುಸು ಬಾಗಿಸಿ ಅರ್ಧ ನಿಮಿಷ ನಿಲ್ಲಿ.

ಎಳೆತದ ವ್ಯಾಯಾಮ ನೋವನ್ನು ತಗ್ಗಿಸುತ್ತದೆ, ಪಟ್ಟಿಗೆ ಬಲ ಬರಬೇಕಾದರೆ ಹೊರೆ ಬೇಕು. ಡೆನ್ಮಾರ್ಕ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ವಿಧಾನವನ್ನು ನಾನು ಈಗ ಹೆಚ್ಚಾಗಿ ಸೂಚಿಸುತ್ತೇನೆ. ಮೆಟ್ಟಿಲ ಅಂಚಿನಲ್ಲಿ, ಹಿಡಿಕೆಯನ್ನು ಹಿಡಿದು, ಸುತ್ತಿದ ಟವೆಲ್ಲನ್ನು ಬೆರಳುಗಳ ಕೆಳಗಿಟ್ಟು ನಿಲ್ಲಿ. ಟವೆಲ್ಲಿನಿಂದ ಬೆರಳುಗಳು ಮೇಲೆ ಬಾಗಿರುವುದರಿಂದ ಮೊದಲು ಹೇಳಿದ ರಾಟೆ ಬಿಗಿಯುತ್ತದೆ. 3 ಸೆಕೆಂಡಿನಲ್ಲಿ ನಿಧಾನವಾಗಿ ಹಿಮ್ಮಡಿ ಎತ್ತಿ, ಮೇಲೆ 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಸಿ. ಒಂದು ಕಾಲಿನಲ್ಲಿ 12 ಸಲ ಮಾಡುವಷ್ಟಕ್ಕೆ ದಣಿವಾಗಬೇಕು, ಹೀಗೆ 3 ಸುತ್ತು, ದಿನ ಬಿಟ್ಟು ದಿನ. ಎರಡು ವಾರದ ಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಚೀಲ ಹಾಕಿಕೊಂಡು ಭಾರ ಹೆಚ್ಚಿಸಿ 10 ಸಲದ 4 ಸುತ್ತು, ಮತ್ತೆರಡು ವಾರದ ಮೇಲೆ ಇನ್ನಷ್ಟು ಭಾರದಲ್ಲಿ 8 ಸಲದ 5 ಸುತ್ತು. ಒಂದೇ ಕಾಲಿನಲ್ಲಿ ಆಗದವರು ಎರಡೂ ಕಾಲಿನಿಂದ ಆರಂಭಿಸಬಹುದು. ಆ ಅಧ್ಯಯನದಲ್ಲಿ 3 ತಿಂಗಳ ಹೊತ್ತಿಗೆ ಈ ಗುಂಪಿನವರು ಬರಿಯ ಎಳೆತದ ವ್ಯಾಯಾಮ ಮಾಡಿದವರಿಗಿಂತ ಮುಂದಿದ್ದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಬೇಕು. ಅಂದರೆ ಈ ದಾರಿ ಬೇಗ ಮುಟ್ಟಿಸುತ್ತದೆ, ಇದೊಂದೇ ದಾರಿ ಎಂದಲ್ಲ. ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಮೊದಲ ಹೆಜ್ಜೆಯ ನೋವು ಎಂದಿಗಿಂತ ಹೆಚ್ಚಾಗಿದ್ದರೆ ಭಾರವನ್ನು ಇಳಿಸಿ, ವ್ಯಾಯಾಮವನ್ನು ನಿಲ್ಲಿಸಬೇಡಿ.

ನಡಿಗೆಯನ್ನು ಪೂರ್ತಿ ನಿಲ್ಲಿಸಿದ್ದು ನಿಮಗೆ ಸಹಾಯ ಮಾಡಿಲ್ಲ. ಕೆಲಸವಿಲ್ಲದ ನಾರು ಮತ್ತಷ್ಟು ದುರ್ಬಲವಾಗುತ್ತದೆ, ತೂಕ ಏರಿ ಹೊರೆ ಹೆಚ್ಚುತ್ತದೆ. ಮೆತ್ತನೆಯ ಅಟ್ಟೆಯ ಬೂಟು ಹಾಕಿ, ಸಮತಟ್ಟಾದ ದಾರಿಯಲ್ಲಿ 10 ನಿಮಿಷದಿಂದ ಆರಂಭಿಸಿ, ಬೆಳಗಿನ ನೋವು ಏರದಿದ್ದರೆ ವಾರಕ್ಕೆ ಕೆಲವು ನಿಮಿಷ ಕೂಡಿಸುತ್ತ ಹೋಗಿ. ಉಳಿದ ವ್ಯಾಯಾಮಕ್ಕೆ ಈಜು, ಸೈಕಲ್ ಒಳ್ಳೆಯವು. ತರಗತಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲುವುದು ನಡೆದಾಡುವುದಕ್ಕಿಂತ ಕೆಟ್ಟದ್ದು. ನಡುನಡುವೆ ಕುಳಿತುಕೊಳ್ಳಲು ಅವಕಾಶ ಕೇಳಿ ಪಡೆಯಿರಿ, ಇದರಲ್ಲಿ ಸಂಕೋಚ ಬೇಡ. ಹಿಂಬದಿ ಗಟ್ಟಿಯಾಗಿರುವ, ಹಿಮ್ಮಡಿ ಒಂದೆರಡು ಸೆಂಟಿಮೀಟರ್ ಎತ್ತರವಿರುವ, ಮಡಿಸಿದರೆ ನಡುವೆ ಬಾಗದೆ ಬೆರಳ ಬುಡದಲ್ಲಿ ಬಾಗುವ ಪಾದರಕ್ಷೆಯನ್ನು ಆರಿಸಿ. ಕೆಲವು ತಿಂಗಳ ಮಟ್ಟಿಗೆ ಮನೆಯೊಳಗೂ ಬರಿಗಾಲು ಬೇಡ, ಒಳಗೆ ಬಳಸಲೆಂದೇ ಒಂದು ಮೆತ್ತನೆಯ ಜೊತೆಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಳ್ಳಿ. ಕಮಾನಿಗೆ ಆಸರೆ ಕೊಡುವ ಸಿದ್ಧ ಇನ್‌ಸೋಲ್ ಬಳಸಬಹುದು. ಅಳತೆ ಕೊಟ್ಟು ಮಾಡಿಸುವ ದುಬಾರಿ ಇನ್‌ಸೋಲ್ ಅದಕ್ಕಿಂತ ಹೆಚ್ಚು ಗುಣ ಕೊಡುತ್ತದೆ ಎಂದು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ, ಹಾಗಾಗಿ ಮೊದಲೇ ಅದಕ್ಕೆ ಹಣ ಸುರಿಯಬೇಡಿ. ಮಂಜುಗಡ್ಡೆ ತುಂಬಿದ ಬಾಟಲಿಯ ಮೇಲೆ ಅಂಗಾಲು ಉರುಳಿಸುವುದು, ನೋವಿನ ಮಾತ್ರೆ, ಅಂಗಾಲಿಗೆ ಟೇಪ್ ಅಂಟಿಸುವುದು, ಇವು ತಾತ್ಕಾಲಿಕ ಶಮನಕ್ಕೆ ಸರಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಮಂಜುಗಡ್ಡೆಯನ್ನಾಗಲಿ ಬಿಸಿ ಶಾಖವನ್ನಾಗಲಿ ಬಳಸಬಾರದು, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ನೋವಿನ ಮಾತ್ರೆಯನ್ನು ವಾರಗಟ್ಟಲೆ ನುಂಗುವುದರಿಂದ ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ಹಾನಿ ಹಿಮ್ಮಡಿ ನೋವಿಗಿಂತ ದೊಡ್ಡದು.

ಎರಡನೆಯ ಇಂಜೆಕ್ಷನ್ ಬಗ್ಗೆ ನಿಮ್ಮ ಪ್ರಶ್ನೆ ಸಹಜವಾದದ್ದೇ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಸ್ಟೀರಾಯ್ಡನ್ನು ಬೇಗ ಕೊಡುತ್ತಿದ್ದೆ, ಏಕೆಂದರೆ ರೋಗಿ ಮರುವಾರವೇ ನಗುತ್ತ ಬರುತ್ತಿದ್ದರು. ಎರಡು ಮೂರು ತಿಂಗಳ ಮೇಲೆ ಅವರೇ ಕುಂಟುತ್ತ ಬರುವುದನ್ನು ನೋಡುತ್ತ ನೋಡುತ್ತ ನನ್ನ ಅಭಿಪ್ರಾಯ ಬದಲಾಯಿತು. ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಿಶೀಲನೆಯೂ ಸ್ಟೀರಾಯ್ಡಿನ ಲಾಭ ಹೆಚ್ಚೆಂದರೆ ಒಂದು ತಿಂಗಳವರೆಗೆ, ಅದೂ ಅಲ್ಪ ಎಂದೇ ಹೇಳಿತು; ನಿಮ್ಮ 5 ವಾರದ ಅನುಭವ ಇದಕ್ಕೆ ತಾಳೆಯಾಗುತ್ತದೆ. ಅಪಾಯಗಳು ಅಪರೂಪವಾದರೂ ಸಣ್ಣವಲ್ಲ. ಪಟ್ಟಿ ಹರಿಯಬಹುದು, ಹಾಗಾದಾಗ ಹಿಮ್ಮಡಿಯಲ್ಲಿ ಏನೋ ತುಂಡಾದಂತೆ ಶಬ್ದವಾಗಿ ಅಂಗಾಲು ಕಂದುಗಟ್ಟುತ್ತದೆ. ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗಬಹುದು, ಒಮ್ಮೆ ಕರಗಿದ ಮೆತ್ತೆಯನ್ನು ಮರಳಿಸುವ ಒಳ್ಳೆಯ ಚಿಕಿತ್ಸೆ ಇಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರುತ್ತದೆ. ನೋವಿನಿಂದ ವ್ಯಾಯಾಮವನ್ನು ಆರಂಭಿಸಲೂ ಆಗದವರಿಗೆ ದಾರಿ ತೆರೆಯಲೆಂದು ಒಂದು ಇಂಜೆಕ್ಷನ್ ಕೊಡುವುದನ್ನು ನಾನು ತಪ್ಪೆನ್ನುವುದಿಲ್ಲ. ನಿಮ್ಮ ವಿಷಯದಲ್ಲಿ ಆ ಒಂದು ಆಗಿದೆ, ಅದು ತೆರೆದ ದಾರಿಯಲ್ಲಿ ವ್ಯಾಯಾಮ ನಡೆದಿಲ್ಲ. ಈಗ ಎರಡನೆಯದು ಬೇಡ ಎಂಬುದು ನನ್ನ ಸಲಹೆ. ರೋಗಿಯ ರಕ್ತದಿಂದಲೇ ಪ್ರತ್ಯೇಕಿಸಿ ಚುಚ್ಚುವ ಪಿಆರ್‌ಪಿ ಇಂಜೆಕ್ಷನ್ ಬಗ್ಗೆ ಅಧ್ಯಯನಗಳ ಫಲಿತಾಂಶ ಒಂದೇ ದಿಕ್ಕಿನಲ್ಲಿಲ್ಲ, ಅದನ್ನು ಮೊದಲ ಆಯ್ಕೆ ಎನ್ನಲಾರೆ.

ವ್ಯಾಯಾಮವನ್ನು ತಪ್ಪದೆ ಮಾಡಿಯೂ ನೋವಿನ ಒಟ್ಟು ಕಾಲ 6 ತಿಂಗಳು ದಾಟಿ ಮುಂದುವರಿದರೆ ಆಘಾತ ತರಂಗ ಚಿಕಿತ್ಸೆಯನ್ನು ಪರಿಗಣಿಸಬಹುದು. ಶಬ್ದದಂಥ ಒತ್ತಡದ ಅಲೆಗಳನ್ನು ಹೊರಗಿನಿಂದಲೇ ಹಿಮ್ಮಡಿಗೆ ಹಾಯಿಸುತ್ತಾರೆ, ಸಾಮಾನ್ಯವಾಗಿ ವಾರಕ್ಕೊಂದರಂತೆ 3 ಸಲ. ಆ ಹೊತ್ತಿನಲ್ಲಿ ನೋವಾಗುತ್ತದೆ, ಚರ್ಮ ಕೆಲವು ದಿನ ಕೆಂಪಾಗಬಹುದು, ಫಲ ಕಾಣಲು ವಾರಗಳು ಹಿಡಿಯುತ್ತವೆ. ಗರ್ಭಿಣಿಯರಿಗೆ ಇದು ಕೂಡದು. ರಕ್ತ ತೆಳುವಾಗಿಸುವ ಔಷಧ ಸೇವಿಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ರಾತ್ರಿ ಪಾದವನ್ನು ಲಂಬಕೋನದಲ್ಲಿ ಹಿಡಿದಿಡುವ ಕಟ್ಟು ಕೆಲವರ ಬೆಳಗಿನ ನೋವನ್ನು ತಗ್ಗಿಸುತ್ತದೆ, ಆದರೆ ಅದನ್ನು ಕಟ್ಟಿಕೊಂಡು ನಿದ್ದೆ ಮಾಡಲಾಗದೆ ಬಿಟ್ಟವರೇ ಹೆಚ್ಚು.

ಶಸ್ತ್ರಚಿಕಿತ್ಸೆಯ ಮಾತು 5 ತಿಂಗಳಿಗೇ ಬರಬಾರದಿತ್ತು. ಕನಿಷ್ಠ 6ರಿಂದ 12 ತಿಂಗಳು ಮೇಲಿನ ಕ್ರಮಗಳನ್ನು ನಿಷ್ಠೆಯಿಂದ ಮಾಡಿಯೂ ದಿನನಿತ್ಯದ ಬದುಕು ನಡೆಯದಷ್ಟು ನೋವು ಉಳಿದ ಕೆಲವೇ ಮಂದಿಗೆ ಅದು ಮೀಸಲು. ಅಲ್ಲಿ ಮಾಡುವುದು ಮುಖ್ಯವಾಗಿ ಪಟ್ಟಿಯ ಒಳಬದಿಯ ಒಂದು ಭಾಗವನ್ನು ಕತ್ತರಿಸಿ ಸಡಿಲಿಸುವುದು. ಮೀನಖಂಡ ಬಹಳ ಬಿಗಿಯಿದ್ದವರಲ್ಲಿ ಅದನ್ನೇ ಉದ್ದವಾಗಿಸುವ ಶಸ್ತ್ರಚಿಕಿತ್ಸೆಯೂ ಉಂಟು. ಮುಳ್ಳನ್ನು ಕೆತ್ತಿ ತೆಗೆಯುವುದು ಇವುಗಳ ತಿರುಳಲ್ಲ. ಪಟ್ಟಿಯನ್ನು ಹೆಚ್ಚು ಕತ್ತರಿಸಿದರೆ ಬಿಲ್ಲಿನ ಹೆದೆ ಸಡಿಲವಾದಂತೆ ಕಮಾನು ಕುಸಿದು ಪಾದದ ಹೊರಬದಿಯಲ್ಲಿ ಹೊಸ ನೋವು ಶುರುವಾಗಬಹುದು. ಸಣ್ಣ ನರಕ್ಕೆ ಪೆಟ್ಟಾಗಿ ಹಿಮ್ಮಡಿ ಮರಗಟ್ಟಬಹುದು, ಎಲ್ಲ ಸರಿಯಾಗಿ ನಡೆದರೂ ಪೂರ್ತಿ ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕು.

ನೀವು ಮತ್ತೆ ಮೊದಲಿನಂತೆ ನಡೆಯಬಲ್ಲಿರಾ ಎಂಬ ಪ್ರಶ್ನೆಗೆ ನನ್ನ ಉತ್ತರ ಭರವಸೆಯದ್ದೇ. ಶಸ್ತ್ರಚಿಕಿತ್ಸೆಯಿಲ್ಲದ ಕ್ರಮಗಳಿಂದ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಸುಮಾರು ಒಂದು ವರ್ಷದೊಳಗೆ ಗುಣವಾಗುತ್ತದೆ. ಆದರೆ ಗುಣ ದಿನದಿನಕ್ಕೆ ಕಾಣುವಂಥದ್ದಲ್ಲ, ಒಂದು ವಾರ ಹಗುರವೆನಿಸಿ ಮರುವಾರ ಹಿಂದಕ್ಕೆ ಹೋದಂತೆಯೂ ಆಗುತ್ತದೆ, ಅಲ್ಲೇ ಅನೇಕರು ಬೇಸತ್ತು ವ್ಯಾಯಾಮ ಬಿಟ್ಟು ಇಂಜೆಕ್ಷನ್ ಕೇಳುತ್ತಾರೆ. ಆದ್ದರಿಂದ ಒಂದು ಸಣ್ಣ ಪುಸ್ತಕದಲ್ಲಿ ಪ್ರತಿದಿನ ಮೊದಲ ಹೆಜ್ಜೆಯ ನೋವಿಗೆ 0ಯಿಂದ 10ರೊಳಗಿನ ಒಂದು ಅಂಕ ಕೊಟ್ಟು ಬರೆಯಿರಿ, ವ್ಯಾಯಾಮ ಮಾಡಿದ ದಿನಕ್ಕೆ ಗುರುತು ಹಾಕಿ. 12 ವಾರದ ಮೇಲೆ ಮೊದಲ ವಾರದ ಅಂಕಗಳನ್ನೂ ಕೊನೆಯ ವಾರದವನ್ನೂ ಎದುರುಬದುರು ಇಟ್ಟು ನೋಡಿ. ಇಳಿದಿದ್ದರೆ ಅದೇ ಕ್ರಮವನ್ನು ಮುಂದುವರಿಸಿ. ಇಳಿಯದಿದ್ದರೆ ಆ ಪುಸ್ತಕವನ್ನೇ ಹಿಡಿದು ಪಾದದ ಚಿಕಿತ್ಸೆಯಲ್ಲಿ ಪರಿಣತರಾದ ಮೂಳೆ ತಜ್ಞರನ್ನು ಕಾಣಿರಿ, ಮತ್ತು ಎಕ್ಸ್‌ರೇಯನ್ನು ಮತ್ತೆ ತೆಗೆಸುವ ಬದಲು ಪಟ್ಟಿಯ ದಪ್ಪ ಅಳೆಯುವ ಅಲ್ಟ್ರಾಸೌಂಡ್ ಬೇಕೆ, ನರದ ಪರೀಕ್ಷೆ ಬೇಕೆ ಎಂದು ಅವರನ್ನು ಕೇಳಿ.